ಹುಳು ಮನೆಗೆ ಬಂದ ವೀಸಾ ಮೇಡಂ

ಎರಡು ತಿಂಗಳ ಹಿಂದೆ ನಾನು ಒಬ್ಬಳ ಹದಿನೆಂಟು ವರ್ಷದ ದುಡಿಮೆಯನ್ನು ಒಂದೇ ಪದದಲ್ಲಿ ಒರೆಸಿ ಹಾಕಿದೆ.

ಬೇಕೆಂದು ಮಾಡಿದ್ದಲ್ಲ. ಒಂದು ಕೈಯಲ್ಲಿ ಕಾಫಿ ಲೋಟ, ಎದುರಿಗೆ ಲ್ಯಾಪ್‌ಟಾಪ್, ಪಕ್ಕದಲ್ಲಿ ನನ್ನ ಚಿಕ್ಕಪ್ಪನ ಮಗಳು ಪದ್ಮ. ಅವಳ ವರ್ಕ್ ವೀಸಾ ಅರ್ಜಿ ತುಂಬುತ್ತಿದ್ದೆ. 'ಸದ್ಯದ ಉದ್ಯೋಗ' ಅಂತ ಒಂದು ಖಾನೆ ಬಂತು. ಅವಳನ್ನು ಕೇಳುವ ಗೋಜಿಗೂ ಹೋಗದೆ 'ಹೌಸ್‌ವೈಫ್' ಅಂತ ಕುಟ್ಟಿದೆ. ಕೆಳಗೆ 'ಕೆಲಸದ ಅನುಭವ' ಅಂತ ಇನ್ನೊಂದು ಖಾನೆ. 'ನಿಲ್'. ಮುಂದಿನ ಪುಟಕ್ಕೆ ಹೋದೆ.

ಪದ್ಮನೂ ಅದನ್ನು ನೋಡಿದಳು. ಅವಳಿಗೂ ಏನೂ ಅನ್ನಿಸಲಿಲ್ಲ. "ಸ್ಪೆಲಿಂಗ್ ಎಲ್ಲಾ ಸರೀಗಿದೆ ಅಲ್ವಕ್ಕ?" ಅಂತ ಮಾತ್ರ ಕೇಳಿದಳು.

ಸ್ಪೆಲಿಂಗ್ ಸರಿಯಾಗಿಯೇ ಇತ್ತು. ಚಿಕ್ಕಬಳ್ಳಾಪುರದ ಪಿಯು ಮಕ್ಕಳಿಗೆ ಹದಿನೇಳು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿರುವವಳು ನಾನು. ಪ್ರತಿ ವರ್ಷ ಅಡ್ಮಿಷನ್ ಸಮಯದಲ್ಲಿ 'ತಾಯಿಯ ಉದ್ಯೋಗ' ಅನ್ನುವ ಕಡೆ ನೂರಾರು ಸಲ ಈ ಪದವನ್ನೇ ಬರೆದಿದ್ದೇನೆ. ನನ್ನ ಬೆರಳಿಗೆ ಅದು ಬಾಯಿಪಾಠ ಆಗಿಹೋಗಿದೆ.

ಪದ್ಮ ಯಾರು ಅಂತ ಹೇಳಿಬಿಡುತ್ತೇನೆ. ನನಗಿಂತ ಐದು ವರ್ಷ ಚಿಕ್ಕವಳು. ಶಿಡ್ಲಘಟ್ಟದಲ್ಲಿ ಬಿ.ಎ. ಮಾಡಿದಳು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಸೆಕೆಂಡ್ ಕ್ಲಾಸ್. ಮಾರ್ಕ್ಸ್ ಕಾರ್ಡ್ ಕೈಗೆ ಬರುವ ಮೊದಲೇ ಲಗ್ನಪತ್ರಿಕೆ ಬಂತು. ದಿಬ್ಬೂರಹಳ್ಳಿಯಿಂದ ಸ್ವಲ್ಪ ಒಳಗೆ ಇರುವ ಹಳ್ಳಿಯ ಮುನಿರಾಜುವನ್ನು ಮದುವೆಯಾದಳು. ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಒಂದು ಹುಳು ಮನೆ, ಹುಳು ಮನೆಯ ಬಾಗಿಲಲ್ಲಿ ಅತ್ತೆ ಪಿಳ್ಳಮ್ಮ. ಅಲ್ಲಿಂದ ಇಲ್ಲಿಯವರೆಗೆ ಅವಳು ಇತಿಹಾಸದ ಪುಸ್ತಕ ತೆರೆದಿಲ್ಲ. ರೇಷ್ಮೆ ಹುಳ ಸಾಕಿದ್ದಾಳೆ. ವರ್ಷಕ್ಕೆ ಏಳೆಂಟು ಬೆಳೆ.

(ಡಿಗ್ರಿಗೂ ಮಾಡುವ ಕೆಲಸಕ್ಕೂ ಸಂಬಂಧ ಇರಬೇಕು ಅಂತ ಯಾರು ಹೇಳಿದರೋ ಗೊತ್ತಿಲ್ಲ. ನಮ್ಮ ಜಿಲ್ಲೆಗೆ ಬಂದು ನೋಡಲಿ. ನನ್ನ ಸಹಪಾಠಿ ಕೆಮಿಸ್ಟ್ರಿ ಎಂ.ಎಸ್ಸಿ. ಗುಲಾಬಿ ಬೆಳೆಯುತ್ತಾನೆ. ನಮ್ಮ ಬೀದಿಯ ಸಿವಿಲ್ ಎಂಜಿನಿಯರ್ ಬೇಕರಿ ಇಟ್ಟಿದ್ದಾನೆ, ಅವನ ಕಟ್ಟಡ ಯಾರೂ ನೋಡಿಲ್ಲ, ಪಫ್ಸ್ ಮಾತ್ರ ಗಟ್ಟಿಯಾಗಿದೆ. ಗೌರಿಬಿದನೂರಿನಲ್ಲಿ ನನ್ನ ಭಾವ ಬಿ.ಕಾಂ. ಓದಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಾನೆ. ಓದಿದ್ದಕ್ಕೆ ತಕ್ಕ ಕೆಲಸ ಸಿಕ್ಕಿದ್ದು ನನಗೊಬ್ಬಳಿಗೇ. ಒಂದು ಫಾರ್ಮ್ ನೆಟ್ಟಗೆ ತುಂಬಲು ಬರಲಿಲ್ಲ.)

ಈ ಪದ್ಮನಿಗೆ ವೀಸಾ ಯಾಕೆ ಬೇಕಾಯಿತು? ಚಿಂತಾಮಣಿ ಕಡೆಯ ನಾರಾಯಣಸ್ವಾಮಿ ಅನ್ನುವವರು ಆಫ್ರಿಕಾದ ಒಂದು ಪುಟ್ಟ ದೇಶದಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಹಿಪ್ಪುನೇರಳೆ ಹಾಕಿದ್ದಾರೆ. ಸೊಪ್ಪು ಸೊಗಸಾಗಿ ಬಂತಂತೆ. ಹುಳ ಬರಲಿಲ್ಲ. ಮೊಟ್ಟೆಯೊಡೆದು ಹೊರಬಂದ ಮರಿಗಳನ್ನು ಮೊದಲ ಎಂಟು ಹತ್ತು ದಿನ ಕಾಪಾಡುವುದಕ್ಕೆ ನಮ್ಮಲ್ಲಿ ಚಾಕಿ ಸಾಕಣೆ ಅನ್ನುತ್ತಾರೆ. ಬಾಣಂತನ ಅಂದುಕೊಳ್ಳಿ. ಅಲ್ಲಿ ಎಡವಿದರೆ ಮುಂದೆ ಯಾರು ಏನು ಮಾಡಿದರೂ ಗೂಡು ಬರುವುದಿಲ್ಲ. ಓದಿದ ಹುಡುಗರಿಬ್ಬರನ್ನು ಕರೆದುಕೊಂಡು ಹೋಗಿ ಎರಡು ಬೆಳೆ ಕಳೆದುಕೊಂಡ ಮೇಲೆ ನಾರಾಯಣಸ್ವಾಮಿ ಊರಿಗೆ ಬಂದರು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮೂರು ದಿನ ಸುಮ್ಮನೆ ಅಡ್ಡಾಡಿದರು. ಹರಾಜಿಗೆ ಸುರಿದಿದ್ದ ಒಂದು ಲಾಟಿನ ಮುಂದೆ ನಿಂತು ಗೂಡು ಕೈಯಲ್ಲಿ ಹಿಡಿದು, "ಇದು ಯಾರ್ ಮನೇದು?" ಅಂತ ಕೇಳಿದರು. ಮುನಿರಾಜು ಕೈ ಎತ್ತಿದ. "ಚಾಕಿ ಯಾರಪ್ಪ ಮಾಡಿದ್ದು?" ಅಂದಾಗ ಎತ್ತಿದ ಕೈ ತಾನಾಗಿ ಇಳಿಯಿತಂತೆ. "ನಮ್ಮನೇವ್ಳು ಸಾರ್."

ಹನ್ನೊಂದು ತಿಂಗಳ ಕೆಲಸ. ಅಲ್ಲಿನ ಹೆಂಗಸರಿಗೆ ಚಾಕಿ ಕಲಿಸಿಕೊಟ್ಟು ಬರಬೇಕು. ಪದ್ಮ ಒಂದು ರಾತ್ರಿ ಯೋಚಿಸಿ ಬೆಳಗ್ಗೆ ಹೂಂ ಅಂದಳು. ನನಗೆ ಆಶ್ಚರ್ಯ. "ಅಷ್ಟು ದೂರ ಯಾಕೇ? ಮಗಳು ಸೆಕೆಂಡ್ ಪಿಯುಸಿ ಬೇರೆ" ಅಂದೆ.

"ವಾಪಸ್ ಬಂದು ಒಂದು ಚಾಕಿ ಸೆಂಟರ್ ಹಾಕ್ತೀನಿ ಅಕ್ಕ. ನನ್ ಹೆಸ್ರಲ್ಲಿ. ಬೋರ್ಡ್ ಹಾಕಿ" ಅಂದಳು. ಬೋರ್ಡ್ ಅನ್ನುವಾಗ ಅವಳ ಮುಖ ಕೆಂಪಾಯಿತು. ಮದುವೆ ಮಾತುಕತೆಯಲ್ಲೂ ಅವಳು ಅಷ್ಟು ನಾಚಿದ್ದನ್ನು ನಾನು ಕಂಡಿಲ್ಲ.

ಅರ್ಜಿ ಹೋಯಿತು. ಎರಡು ವಾರಕ್ಕೆ ಇಮೇಲ್ ಬಂತು. ಬಹಳ ಮರ್ಯಾದೆಯ ಇಂಗ್ಲಿಷ್. ಅಭ್ಯರ್ಥಿಯ ಪದವಿ ಇತಿಹಾಸದಲ್ಲಿದೆ. ಉದ್ಯೋಗ ಗೃಹಿಣಿ. ಅನುಭವ ಇಲ್ಲ. ಕೊಟ್ಟಿರುವ ಕೆಲಸ ರೇಷ್ಮೆ ತಂತ್ರಜ್ಞೆಯದು. ಯಾವ ಆಧಾರದ ಮೇಲೆ ಇವರು ಈ ಕೆಲಸಕ್ಕೆ ಅರ್ಹರು? ಹತ್ತು ದಿನದೊಳಗೆ ದಾಖಲೆ ಕಳಿಸಿ, ಜೊತೆಗೆ ವೀಡಿಯೊ ಕಾಲ್‌ನಲ್ಲಿ ಸಂದರ್ಶನಕ್ಕೆ ಬನ್ನಿ. ತೃಪ್ತಿಯಾಗದಿದ್ದರೆ ಅರ್ಜಿ ತಿರಸ್ಕಾರ.

ಓದಿ ಮುಗಿಸುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನಾನೇ ಆಫೀಸರ್ ಆಗಿದ್ದರೂ ಅದನ್ನೇ ಕೇಳುತ್ತಿದ್ದೆ. ಪದ್ಮನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಬೈತಾಳೆ ಅಂದುಕೊಂಡೆ. "ಹೋಗ್ಲಿ ಬಿಡಕ್ಕ, ನೀನೇನ್ ಬೇಕೂಂತ ಮಾಡಿದ್ಯಾ" ಅಂದಳು. ಬೈದಿದ್ದರೆ ಒಳ್ಳೆಯದಿತ್ತು. 

ಭಾನುವಾರ ಬೆಳಗ್ಗೆಯೇ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ದಾಖಲೆ ಹುಡುಕಲು. ಮುನಿರಾಜು ಅಟ್ಟದಿಂದ ಒಂದು ಟ್ರಂಕ್ ಇಳಿಸಿದ. ಎಲ್ಲವನ್ನೂ ನಡುಮನೆಯಲ್ಲಿ ಹರಡಿಕೊಂಡು ಕೂತೆವು.

ರೇಷ್ಮೆ ಇಲಾಖೆ ಬೆಳೆಗಾರರಿಗೆ ಕೊಡುವ ಪಾಸ್‌ಬುಕ್: ಮುನಿರಾಜು ಹೆಸರು. ಮಾರುಕಟ್ಟೆಯ ಚೀಟಿಗಳು ಒಂದು ಕಟ್ಟು: ಎಲ್ಲವೂ ಮುನಿರಾಜು ಹೆಸರು. ಮೊಟ್ಟೆ ತಂದ ರಸೀದಿ: ಮುನಿರಾಜು. ಐದು ದಿನದ ತರಬೇತಿಯ ಒಂದು ಸರ್ಟಿಫಿಕೇಟ್ ಸಿಕ್ಕಿತು, ಗಾಜಿನ ಫ್ರೇಮ್ ಸಮೇತ. ಅದರಲ್ಲೂ ಮುನಿರಾಜು.

"ಇದಕ್ಕೆ ಹೋಗಿದ್ದು ಪದ್ಮ ಅಲ್ವಾ?" ಅಂದೆ. ನನಗೆ ನೆನಪಿತ್ತು. ಆ ಐದು ದಿನ ಅವಳ ಮಗಳನ್ನು ನಾನೇ ಇಟ್ಟುಕೊಂಡಿದ್ದೆ.

"ಹೋಗಿದ್ದು ಅವಳೇ ಅಕ್ಕ" ಅಂತ ಮುನಿರಾಜು ತಲೆ ಕೆರೆದುಕೊಂಡ. "ಹೆಸ್ರು ಕೊಡ್ವಾಗ ನಾನು ನಂದೇ ಕೊಟ್ಬಿಟ್ಟಿದ್ದೆ. ಪಾಸ್‌ಬುಕ್ ನಂದಲ್ವಾ, ಅದಕ್ಕೆ."

ಕೊನೆಗೆ ಒಂದು ಫೋಟೊ ಸಿಕ್ಕಿತು. ಯಾವುದೋ ವರ್ಷ ಒಳ್ಳೆಯ ಬೆಳೆ ತೆಗೆದಿದ್ದಕ್ಕೆ ಊರವರು ಮಾಡಿದ ಸನ್ಮಾನ. ಮುನಿರಾಜು ಕೊರಳಲ್ಲಿ ಹಾರ, ತಲೆಯ ಮೇಲೆ ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ. "ಪದ್ಮ ಎಲ್ಲಿ ಇದರಲ್ಲಿ?" ಅಂದೆ. ಅವಳು ಬೆರಳಿಟ್ಟು ತೋರಿಸಿದಳು. ಫೋಟೊದ ಎಡ ಅಂಚಿನಲ್ಲಿ ಒಂದು ಮೊಣಕೈ ಇತ್ತು, ಹಸಿರು ಬಳೆ ಹಾಕಿದ್ದು. ನಾವು ಮೂವರೂ ನಕ್ಕೆವು. ಮೊದಲು ನಿಲ್ಲಿಸಿದ್ದು ಮುನಿರಾಜು.

ಅಂದರೆ ಲೆಕ್ಕ ಇಷ್ಟೇ. ಹದಿನೆಂಟು ವರ್ಷ ಅವಳು ಸಾಕಿದ ಹುಳಕ್ಕೆ ಅವಳು ಸಾಕಿದ್ದು ಅನ್ನಲು ಒಂದು ಚೂರು ಕಾಗದ ಇಲ್ಲ. ಇದ್ದದ್ದು ನಾನು ತುಂಬಿದ ಅರ್ಜಿ ಒಂದೇ. ಅದರಲ್ಲಿ 'ನಿಲ್' ಅಂತ ಇತ್ತು.

ಉಳಿದದ್ದು ಸಂದರ್ಶನ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ. ನಾನು ಕಾಲೇಜಿಗೆ ರಜೆ ಹಾಕಿ ಹೋದೆ, ಭಾಷಾಂತರಕ್ಕೆ. (ಜೊತೆಗೆ ಒಬ್ಬರು ಇರಬಹುದು ಅಂತ ಒಪ್ಪಿಗೆ ಕೊಟ್ಟಿದ್ದರು.) ಪದ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹೆಣ್ಣು ನೋಡಲು ಬಂದವರ ಮುಂದೆ ಕೂರುವ ಹಾಗೆ ಕೂತಿದ್ದಳು. ಕಾಲು ಅಲ್ಲಾಡುತ್ತಿತ್ತು. ಪರದೆಯ ಮೇಲೆ ಒಬ್ಬ ಮಧ್ಯವಯಸ್ಸಿನ ಹೆಂಗಸು ಬಂದರು. ದೊಡ್ಡ ಕನ್ನಡಕ, ಹಳದಿ ರವಿಕೆ, ನಿಧಾನದ ಮಾತು. ನಾವು ಅವರಿಗೆ ಇಟ್ಟ ಹೆಸರು ವೀಸಾ ಮೇಡಂ.

ಮೊದಲ ಪ್ರಶ್ನೆ: ನೀವು ಓದಿದ್ದಕ್ಕೂ ಈ ಕೆಲಸಕ್ಕೂ ಏನು ಸಂಬಂಧ?

"ಏನೂ ಇಲ್ಲ ಮೇಡಂ" ಅಂದಳು ಪದ್ಮ.

ನಾನು ಅವಳ ಕಾಲು ತುಳಿದೆ. ಆದರೆ ಅವಳು ಹೇಳಿದ್ದು ನಿಜ ತಾನೆ? ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ.

ಎರಡನೆಯದು: ಹುಳ ಸಾಕುತ್ತೀರಾ?

"ಏನೋ ಮನೇವ್ರೆಲ್ಲ ಸೇರ್ಕೊಂಡು ಮಾಡ್ತೀವಿ."

ಮೂರನೆಯದು: ನಿಮ್ಮ ಬೆಳೆ ಹೇಗೆ ಬರುತ್ತದೆ?

"ಏನೋ, ಇದಾವೆ ಮೇಡಂ."

ಈ ಉತ್ತರವನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹುಳ ಮನೆಯಲ್ಲಿರುವಾಗ ಯಾರೂ ಅದನ್ನು ಚೆನ್ನಾಗಿದೆ ಅನ್ನುವುದಿಲ್ಲ. ಅಂದರೆ ದೃಷ್ಟಿ ಆಗುತ್ತದೆ. ಟೀ ಅಂಗಡಿಯಲ್ಲಿ "ಹುಳ ಹೆಂಗಿದಾವಪ್ಪ?" ಅಂತ ಕೇಳಿದರೆ ಉತ್ತರ ಒಂದೇ: "ಏನೋ, ಇದಾವೆ." ಹುಳ ಬೆರಳು ದಪ್ಪ ಬೆಳೆದಿದ್ದರೂ ಅಷ್ಟೇ, ಅರ್ಧ ಸತ್ತಿದ್ದರೂ ಅಷ್ಟೇ. ಗೂಡು ಮಾರಿ ಮನೆಗೆ ಬಂದು ಕಾಲು ತೊಳೆದ ಮೇಲೆಯೇ ಬಾಯಿ ಬಿಡುವುದು. ಆಗಲೂ "ದೇವ್ರು ಕೊಟ್ಟ" ಅನ್ನುತ್ತಾರೆ. ನಾನು ಕೊಟ್ಟೆ, ನಾನು ಮಾಡಿದೆ ಅನ್ನುವ ಮಾತು ಈ ಮನೆಗಳಲ್ಲಿ ನಾಲಿಗೆಗೇ ಬರುವುದಿಲ್ಲ. ಪದ್ಮನ ಅತ್ತೆ ಪಿಳ್ಳಮ್ಮನವರಂತೂ ಈ ವಿಷಯದಲ್ಲಿ ಸುಪ್ರೀಂ ಕೋರ್ಟು. (ಪದ್ಮ ಹೋಗುವ ದೇಶದ ಹೆಸರು ಬರೆಯಕೂಡದು ಅಂತ ನನಗೆ ಆರ್ಡರ್ ಮಾಡಿರುವವರೂ ಅವರೇ.)

ಇದನ್ನೆಲ್ಲ ವೀಸಾ ಮೇಡಂಗೆ ಹೇಗೆ ಹೇಳುವುದು? ಕೆಲಸ ಕೊಡಿ ಅಂತ ಕೇಳುವ ಜಾಗದಲ್ಲಿ ನಮ್ಮ ಹುಡುಗಿ ಟೀ ಅಂಗಡಿಯ ಉತ್ತರ ಕೊಡುತ್ತಿದ್ದಾಳೆ! ಮೇಡಂ ಏನೋ ಬರೆದುಕೊಂಡರು. ಬರೆದುಕೊಂಡ ರೀತಿ ನನಗೆ ಹಿಡಿಸಲಿಲ್ಲ.

ಆಮೇಲೆ ಅವರು, ಬಹುಶಃ ಮುಗಿಸುವ ಮೊದಲು ಒಂದು ಪ್ರಶ್ನೆ ಅಂತ, ಕೇಳಿದರು: ಯಾವಾಗಲಾದರೂ ಬೆಳೆ ಹೋಗಿದೆಯಾ?

"ಹೋಗಿದಾವೆ ಮೇಡಂ! ಎರಡು ಸಲ."

ಪದ್ಮ ನೆಟ್ಟಗೆ ಕೂತಳು. ನಷ್ಟದ ಮಾತಿಗೆ ದೃಷ್ಟಿ ತಾಗುವುದಿಲ್ಲವಲ್ಲ. ಬಾಯಿ ಬಿಚ್ಚಿತು.

"ಒಂದ್ ಸಲ ಜಡಿಮಳೆ ಹಿಡ್ಕೊಂತು. ಸೊಪ್ಪು ಒದ್ದೆ. ಆರಿಸ್ದೆ ಹಾಕ್ಬಿಟ್ಟೆ, ನಂದೇ ತಪ್ಪು. ಸುಣ್ಣಕಟ್ಟು ರೋಗ ಬಂತು. ಹುಳ ಎಲ್ಲಾ ಸೀಮೆಸುಣ್ಣದ ಕಡ್ಡಿ ಥರ ಬೆಳ್ಳಗೆ ಗಟ್ಟಿಯಾಗೋದ್ವು. ಇನ್ನೊಂದ್ ಸಲ ಪಕ್ಕದ ಹೊಲದೋರು ಟೊಮೇಟೊಗೆ ಔಷಧಿ ಹೊಡೆದ್ರು. ಗಾಳಿ ನಮ್ ಕಡೆಗಿತ್ತು. ಸೊಪ್ಪು ತಿಂದ್ ಹುಳ ತಲೆ ಎತ್ತಿ ಎತ್ತಿ ಹಸಿರು ಕಕ್ಕಿದ್ವು. ಅವತ್ತಿಂದ ಹೊಸಾ ಕಡೆಯಿಂದ ಸೊಪ್ಪು ತಂದ್ರೆ ಮೊದ್ಲು ಹತ್ತು ಹುಳಕ್ಕೆ ಹಾಕಿ ಒಂದ್ ಹೊತ್ತು ಕಾಯ್ತೀನಿ. ಅವು ಚೆನ್ನಾಗಿದ್ರೇನೇ ಮಿಕ್ಕಿದ್ದಕ್ಕೆ."

ನಾನು ಉಸಿರು ಬಿಡದೆ ಭಾಷಾಂತರ ಮಾಡಿದೆ. ಮೇಡಂ ಪೆನ್ನು ಕೆಳಗಿಟ್ಟರು. ಈ 'ನಾನು' ಯಾರು ಅಂತ ಕೇಳಿದರು. ಈವರೆಗೆ ಎಲ್ಲರೂ ಸೇರಿ ಮಾಡುತ್ತೇವೆ ಅಂದಿರಿ, ತಪ್ಪು ಮಾತ್ರ ನಿಮ್ಮೊಬ್ಬರದೇ ಹೇಗಾಯಿತು?

ಪದ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. 

ಮೇಡಂ ಮುಂದುವರಿಸಿದರು. ಈಗ ಹುಳ ಇವೆಯಾ? ತೋರಿಸಬಹುದಾ?

ಇದ್ದವು. ನಾಲ್ಕನೇ ಜ್ವರ ಎದ್ದು ಮೂರನೇ ದಿನ. (ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಇನ್ನು ಗೂಡು ಕಟ್ಟುವುದೇ ಬಾಕಿ.) ಕಷ್ಟವೆಲ್ಲ ಮುಗಿದು ಫಲ ಕೈಗೆ ಬರುವ ಹೊತ್ತು. ಆ ಹೊತ್ತಿನಲ್ಲಿ ಪಿಳ್ಳಮ್ಮ ಸ್ವಂತ ತಂಗಿಯನ್ನೂ ಹುಳು ಮನೆಗೆ ಬಿಡುವುದಿಲ್ಲ. ನಾನು ಆ ಮನೆಗೆ ಹದಿನೆಂಟು ವರ್ಷದಿಂದ ಹೋಗಿ ಬರುತ್ತಿದ್ದೇನೆ. ಹುಳ ಇರುವಾಗ ಆ ಬಾಗಿಲು ಒಂದು ಸಲವೂ ದಾಟಿಲ್ಲ. ನನ್ನ ತಂಗಿ ಕೆಲಸ ಮಾಡುವುದನ್ನು ನಾನು ಕಣ್ಣಲ್ಲಿ ಕಂಡಿರಲೇ ಇಲ್ಲ.

ಪಿಳ್ಳಮ್ಮ ಹಿತ್ತಲ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಅತ್ತೆ, ಅವ್ರು ಹುಳ ನೋಡ್ಬೇಕಂತೆ" ಅಂದಳು ಪದ್ಮ. ಧ್ವನಿ ಸಣ್ಣದಾಗಿತ್ತು.

"ಏಮಮ್ಮಾ, ಊರೋರಿಗೇ ತೋರ್ಸಲ್ಲ, ಇನ್ನು ಸಮುದ್ರದಾಚೆಯೋರಿಗೆ ತೋರ್ಸಕ್ಕಾಯ್ತದಾ?"

ನಾನು ಸುಮ್ಮನಿರಲಿಲ್ಲ. "ಅಮ್ಮ, ತೋರ್ಸದಿದ್ರೆ ಇವತ್ತಿಗೆ ಮುಗೀತು. ಇವಳು ಹೋಗೋ ಹಾಗಿಲ್ಲ. ಕಾಗದದಲ್ಲಿ ಇವಳದ್ದು ಏನೂ ಇಲ್ಲ. ಇವಳು ಮಾಡಿದ್ದು ಇರೋದು ಆ ಬಾಗಿಲ ಹಿಂದೆ ಮಾತ್ರ" ಅಂದೆ. ನನ್ನ ಧ್ವನಿ ಸ್ವಲ್ಪ ಜೋರಾಯಿತು. ಕ್ಲಾಸಿನ ಅಭ್ಯಾಸ.

ಪಿಳ್ಳಮ್ಮ ಎಲೆ ಅಡಿಕೆ ಉಗಿದು ಬಂದರು. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. ನೋಡಿ, "ಮೊದ್ಲು ಹೂವ ತೆಗಿ ತಲೇಲಿಂದ. ಹುಳಕ್ಕೆ ವಾಸನೆ ಆಗಲ್ಲ ಅಂತ ಗೊತ್ತಿಲ್ವಾ?" ಅಂದರು.

ಒಪ್ಪಿಗೆ ಸಿಕ್ಕಿತು ಅಂತ ನಮಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

ಮುಂದಿನ ಹದಿನೈದು ನಿಮಿಷ ವೀಸಾ ಮೇಡಂ ಲೈನಿನಲ್ಲಿ ಕಾದರು. ಲ್ಯಾಪ್‌ಟಾಪ್ ಬಿಟ್ಟು ವೀಡಿಯೊ ಕಾಲನ್ನು ಮುನಿರಾಜುವಿನ ಮೊಬೈಲ್‌ಗೆ ಬದಲಾಯಿಸಿದೆವು. ಪದ್ಮ ಸೀರೆ ಬದಲಿಸಿದಳು. ನಾನು ಕಾಲೇಜಿಗೆ ಹೋಗುವವಳ ಹಾಗೆ ಸೆಂಟು ಹೊಡೆದುಕೊಂಡು ಬಂದಿದ್ದೆ. ಪಿಳ್ಳಮ್ಮ ಮೂಗು ಮುರಿದು, ಬಚ್ಚಲಿಗೆ ಕಳಿಸಿ, ತಮ್ಮ ಹಳೆಯ ಸೀರೆ ಕೊಟ್ಟರು. ಎಲ್ಲರೂ ಬ್ಲೀಚಿಂಗ್ ಪುಡಿ ನೀರಿನಲ್ಲಿ ಕೈಕಾಲು ತೊಳೆದೆವು. ಬಾಗಿಲ ಮುಂದಿನ ಸುಣ್ಣ ತುಳಿದೆವು. ಇನ್ನೇನು ಒಳಗೆ ಹೋಗಬೇಕು, ಪಿಳ್ಳಮ್ಮ ಕೈ ಅಡ್ಡ ಇಟ್ಟರು.

"ಅದನ್ನ ತೊಳೆದ್ರಾ?"

ಅದು ಅಂದರೆ ಫೋನು.

"ಅಮ್ಮ, ಫೋನ್ ತೊಳ್ಯಕ್ಕಾಗಲ್ಲಮ್ಮ" ಅಂತ ಮುನಿರಾಜು ಗೋಗರೆದ.

"ಎಲ್ಲೆಲ್ಲಿ ತಿರುಗಿರ್ತದೋ ಯಾವನಿಗ್ಗೊತ್ತು. ಮಾರ್ಕೆಟ್ಟಿಗೆ ತಗೊಂಡೋಗ್ತೀಯ, ಎಲ್ಲಾರ ಮನೆ ರೋಗಾನೂ ಅದ್ರ ಮೇಲೇನೇ ಇರ್ತದೆ." ಹೀಗೆ ಹೇಳಿ, ಬ್ಲೀಚಿಂಗ್ ನೀರಿನಲ್ಲಿ ಬಟ್ಟೆ ಹಿಂಡಿ, ಫೋನನ್ನು ಮಗುವಿನ ಮುಖ ಒರೆಸುವ ಹಾಗೆ ಹಿಂದೆ ಮುಂದೆ ಒರೆಸಿದರು. ವೀಸಾ ಮೇಡಂಗೆ ಪರದೆಯ ತುಂಬ ಒದ್ದೆ ಬಟ್ಟೆ ಕಂಡಿರಬೇಕು. ಏನಾಗುತ್ತಿದೆ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪದ್ಮ ಹೇಳಿದಳು, ಅವಳದೇ ಇಂಗ್ಲಿಷಿನಲ್ಲಿ:

"ಡಿಸೀಸ್ ಮೇಡಂ. ಔಟ್‌ಸೈಡ್ ಡಿಸೀಸ್. ಇನ್‌ಸೈಡ್ ನೋ ಕಮಿಂಗ್."

ಮೇಡಂ ಜೋರಾಗಿ ನಕ್ಕರು. ಅರ್ಥವಾಯಿತು ಅಂದರು. ಭಾಷಾಂತರದ ನನ್ನ ಕೆಲಸ ಅಲ್ಲಿಗೆ ಅರ್ಧ ಹೋಯಿತು.

ಬಾಗಿಲು ತೆರೆಯಿತು. ಒಳಗೆ ತಂಪು, ಹಸಿ ಸೊಪ್ಪಿನ ವಾಸನೆ. ನೆಲದಿಂದ ಮೇಲಿನವರೆಗೆ ಮೂರು ಅಂತಸ್ತಿನ ಅಟ್ಟಣೆ, ಅದರ ತುಂಬ ಸೊಪ್ಪು, ಸೊಪ್ಪಿನ ತುಂಬ ಬಿಳಿ ಹುಳ. ಬಾಯಿಗಳ ಸದ್ದು ಒಂದೇ ಸಮ ಕೇಳುತ್ತಿತ್ತು.  ಆದರೆ ನಾನು ನೋಡಿದ್ದು ಹುಳವನ್ನಲ್ಲ, ಪದ್ಮನನ್ನು. ನಡುಮನೆಯಲ್ಲಿ ಕಾಲು ಅಲ್ಲಾಡಿಸುತ್ತಿದ್ದವಳು ಇವಳೇನಾ? ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟಣೆಯ ಪಕ್ಕ ನಡೆಯುತ್ತಾ ಹೋದಳು. ಫೋನು ಹಿಡಿದ ಮುನಿರಾಜು ಹಿಂದೆ ಓಡಿದ. ನಾನು ಅವನ ಹಿಂದೆ.

ನಡುವೆ ಫಕ್ಕನೆ ನಿಂತು, ಎರಡು ಕಡ್ಡಿಯಲ್ಲಿ ಒಂದು ಹುಳ ಎತ್ತಿ ಸುಣ್ಣದ ಡಬ್ಬಿಗೆ ಹಾಕಿದಳು. ನಾಲ್ಕು ಹೆಜ್ಜೆ ಹೋಗಿ ಇನ್ನೊಂದು. ಯಾಕೆ ಅಂತ ಮೇಡಂ ಕೇಳಿದರು. ನನಗೂ ಅದೇ ಪ್ರಶ್ನೆ. ಸಾವಿರಾರು ಹುಳದಲ್ಲಿ ಆ ಎರಡಕ್ಕೇನಾಗಿತ್ತು?

"ನೋಡಿ ಮೇಡಂ, ಎಲ್ಲಾ ತಲೆ ತಗ್ಸಿ ತಿಂತಾ ಇದಾವೆ. ಇದು ತಿನ್ನದೆ ಅಂಚಲ್ಲಿ ಓಡಾಡ್ತಾ ಇತ್ತು. ಚರ್ಮ ನೋಡಿ, ಬಿಗ್ಕೊಂಡು ಮಿನುಗ್ತಾ ಇದೆ, ಗೆಣ್ಣು ಗೆಣ್ಣು ಊದಿದೆ. ಹಾಲುತೊಂಡೆ ರೋಗ ಇದು. ನಾಳೆಗೆ ಒಡ್ದು ಹಾಲು ಸುರ್ಸತ್ತೆ, ಅದು ಬಿದ್ದ ಸೊಪ್ಪು ತಿಂದ ಹುಳ ಎಲ್ಲಾ ಹೋಗ್ತವೆ. ಈವತ್ತೇ ತೆಗೀಬೇಕು."

ಬೇರೆಯವರಿಗೆ ಹೇಗೆ ಕಲಿಸುತ್ತೀರಿ ಅಂದರು ಮೇಡಂ.

"ಹೇಳ್ಕೊಡಲ್ಲ ಮೇಡಂ. ಮೊದ್ಲ ಬೆಳೆ ಜೊತೇಲಿ ನಿಂತ್ಕೊಂಡು ನೋಡಿ ಅಂತೀನಿ. ಎರಡನೇ ಬೆಳೇಲಿ ಅವ್ರು ತೆಗೀಲಿ, ನಾನು ನೋಡ್ತೀನಿ. ಮೂರನೇ ಬೆಳೆಗೆ ನಾನು ಬಾಗ್ಲಾಚೆ ಕೂತ್ಕೊಳ್ತೀನಿ."

ಇಪ್ಪತ್ತು ನಿಮಿಷ ಹೀಗೆಯೇ ನಡೆಯಿತು. ಒಂದು ಸಲವೂ ಅವಳ ಬಾಯಲ್ಲಿ 'ಏನೋ' ಬರಲಿಲ್ಲ. ಆಮೇಲೆ ಮೇಡಂ ಫೋನು ಹಿಡಿದವನನ್ನು ಮಾತಾಡಿಸಿದರು. ದಾಖಲೆಗಳಲ್ಲಿ ನಿಮ್ಮ ಹೆಸರಿದೆ. ರೈತ ನೀವಲ್ಲವೇ?

ಮುನಿರಾಜು ಕ್ಯಾಮೆರಾ ತನ್ನ ಕಡೆ ತಿರುಗಿಸಿಕೊಂಡ. ಬೆವೆತಿದ್ದ. "ಮೇಡಂ, ನಾನು ಸೊಪ್ಪು ಕುಯ್ಯೋನು, ಗೂಡು ಮಾರೋನು. ಹುಳ ಅವಳ್ದು. ಹೆಸ್ರು ನಂದಿದೆ, ಅದು ನಮ್ ತಪ್ಪು" ಅಂದ. ಗಂಡಸಾದವನು ಹೆಂಡತಿಯ ಮುಂದೆ, ತಾಯಿಯ ಮುಂದೆ, ಪರದೇಶದವರ ಮುಂದೆ ಹೀಗೆ ಹೇಳುವುದನ್ನು ನಾನು ನಮ್ಮ ಕಡೆ ಕಂಡಿಲ್ಲ. ಆ ಫ್ರೇಮಿನ ಸರ್ಟಿಫಿಕೇಟಿಗೆ ಅವನ ಮೇಲೆ ಹುಟ್ಟಿದ್ದ ಸಿಟ್ಟೆಲ್ಲ ನನಗೆ ಇಳಿದುಹೋಯಿತು.

ಕೊನೆಗೆ ಮೇಡಂ ಪಿಳ್ಳಮ್ಮನವರನ್ನು ಕೇಳಿದರು. ಅಮ್ಮ, ನೀವು ಹೇಳಿ. ಇವರ ಕೆಲಸ ಹೇಗೆ?

ನಾನು ಭಾಷಾಂತರ ಮಾಡಿ ಕಣ್ಣು ಮುಚ್ಚಿಕೊಂಡೆ. ಪಿಳ್ಳಮ್ಮನವರ ಬಾಯಿಂದ ಏನು ಬರುತ್ತದೆ ಅಂತ ಇಡೀ ಊರಿಗೆ ಗೊತ್ತು. ಅದೂ ಹುಳ ಕಣ್ಣ ಮುಂದೆ ಇರುವಾಗ. ಪದ್ಮನೂ ತಲೆ ತಗ್ಗಿಸಿದಳು. 

ಪಿಳ್ಳಮ್ಮ ಫೋನಿನ ಹತ್ತಿರ ಬಂದರು. ಮೊದಲು ಕನ್ನಡದಲ್ಲಿ ಶುರು ಮಾಡಿ, ಅರ್ಧಕ್ಕೆ ತವರಿನ ತೆಲುಗಿಗೆ ಹೋದರು.

"ನಾನು ಐವತ್ತು ವರ್ಷ ಹುಳ ಸಾಕಿದೀನಮ್ಮ. ನನ್ ಕೈಯಾಗೆ ಇಂಥಾ ಬೆಳೆ ಬರ್ಲಿಲ್ಲ. ದೀನಿ ಚೆಯ್ಯಿ ಮಂಚಿದಿ. ಚಾಲಾ ಮಂಚಿದಿ."

ಇವಳ ಕೈ ಒಳ್ಳೆಯದು, ತುಂಬ ಒಳ್ಳೆಯದು. ಅಷ್ಟೇ ಅದರ ಅರ್ಥ. ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಪದ್ಮ ಅಟ್ಟಣೆಯ ಕಂಬ ಹಿಡಿದುಕೊಂಡು ಅಳುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಅತ್ತೆಯ ಬಾಯಲ್ಲಿ ಮೊದಲ ಸಲ ಕೇಳಿದ ಮಾತು. ಅದೂ ನೇರವಾಗಿ ಅವಳಿಗೆ ಹೇಳಿದ್ದಲ್ಲ, ಬೇರೆ ದೇಶದ ಹೆಂಗಸಿಗೆ ಹೇಳಿದ್ದು!

ಫೋನ್ ಇಟ್ಟ ತಕ್ಷಣ ಪಿಳ್ಳಮ್ಮ ಅಡುಗೆ ಮನೆಗೆ ಓಡಿ ಉಪ್ಪು, ಒಣಮೆಣಸಿನಕಾಯಿ ತಂದರು. ಹುಳು ಮನೆಯ ಬಾಗಿಲಿಗೆ ದೃಷ್ಟಿಯ ಇಳಿ ತೆಗೆದರು, ಸೊಸೆಗೆ ತೆಗೆದರು, ನನಗೂ ತೆಗೆದರು, ಫೋನಿಗೂ ತೆಗೆದರು. ಒಲೆಗೆ ಹಾಕಿದಾಗ ಘಾಟಿಗೆ ಎಲ್ಲರೂ ಕೆಮ್ಮಿದೆವು. "ನನ್ ಬಾಯಿ ಸುಮ್ನೆ ಇರಲ್ಲ" ಅಂತ ತಮ್ಮನ್ನು ತಾವೇ ಬೈದುಕೊಂಡರು. ಒಂದು ವಾರ ಅವರಿಗೆ ನಿದ್ದೆ ಇರಲಿಲ್ಲವಂತೆ. ಬೆಳೆ ಮಾತ್ರ ಚಿನ್ನದಂತೆ ಬಂತು. (ಮಾರಿ ಆಗಿದೆ. ಆದ್ದರಿಂದ ಬರೆಯಬಹುದು.)

ಅದೇ ದಿನ ಸಂಜೆ ನಾನು ಅರ್ಜಿಯ ತಿದ್ದುಪಡಿ ಪತ್ರ ಬರೆದೆ. ಈ ಸಲ ಒಂದೊಂದು ಖಾನೆಯನ್ನೂ ಓದಿ ಹೇಳಿ, ಪದ್ಮ ಹೇಳಿದ್ದನ್ನೇ ಟೈಪ್ ಮಾಡಿದೆ. ಮುನಿರಾಜು ತನ್ನ ಹೆಸರಿನ ಪ್ರತಿ ದಾಖಲೆಯ ಜೊತೆ ಇದು ನನ್ನ ಹೆಂಡತಿಯ ಕೆಲಸ ಅಂತ ಬರೆದು ಸಹಿ ಹಾಕಿದ. ನಾರಾಯಣಸ್ವಾಮಿಯವರೂ ಒಂದು ಕಾಗದ ಕಳಿಸಿದರು. ಬಿ.ಎ. ಸರ್ಟಿಫಿಕೇಟನ್ನೂ ಲಗತ್ತಿಸಿದೆವು. ಪಾಪ, ಅದಾದರೂ ಅವಳದೇ ಹೆಸರಿನಲ್ಲಿತ್ತು.

ಕಳೆದ ಶನಿವಾರ ವೀಸಾ ಬಂತು. ಪ್ರಿಂಟ್ ತೆಗೆದುಕೊಂಡು ಹೋದೆ. ಪಿಳ್ಳಮ್ಮ ಕೈ ತೊಳೆದು ಬಂದು ಕೂತು, "ಓದಮ್ಮ" ಅಂದರು. ಹೆಸರು ಓದಿದೆ. ಉದ್ಯೋಗ, ರೇಷ್ಮೆ ಸಾಕಣೆ ತಂತ್ರಜ್ಞೆ, ಅಂತ ಓದಿದೆ.

"ಮುನಿರಾಜು ಹೆಸ್ರು ಎಲ್ಲೈತೆ?"

"ಇಲ್ಲಮ್ಮ. ಇವಳದ್ದೊಂದೇ."

"ಇನ್ನೊಂದ್ಸಲ ಓದು."

ಮತ್ತೆ ಓದಿದೆ. ಪದ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮುದ್ದೆ ಕೋಲು ಕೈಯಲ್ಲೇ ಇತ್ತು. ಮುಂದಿನ ತಿಂಗಳು ಹೊರಡುತ್ತಾಳೆ. ಅವಳಿಲ್ಲದ ಹನ್ನೊಂದು ತಿಂಗಳು ಹುಳು ಮನೆ ನೋಡಿಕೊಳ್ಳಲು ಮುನಿರಾಜು ಈಗ ಅವಳ ಹಿಂದೆ ಕಡ್ಡಿ ಹಿಡಿದುಕೊಂಡು ಓಡಾಡುತ್ತಿದ್ದಾನೆ. ಮೊದಲ ಬೆಳೆ, ನೋಡುವುದಷ್ಟೇ.

ಬಸ್ಸಿನಲ್ಲಿ ವಾಪಸ್ ಬರುವಾಗ ಸಂತೋಷವೇ ಆಗಿತ್ತು. ಆದರೂ ಒಂದು ಮಾತು ಕೊರೆಯುತ್ತಿತ್ತು. ಅಲ್ಲಿಯವರೆಗೆ ಇವಳ ಮುಖವನ್ನೇ ನೋಡಿರದ ಒಬ್ಬ ಹೆಂಗಸಿಗೆ ಇವಳ ಕೆಲಸ ಕಾಣಲು ಇಪ್ಪತ್ತು ನಿಮಿಷ ಸಾಕಾಯಿತು. ಜೊತೆಯಲ್ಲೇ ಬೆಳೆದ ನಾನು ಇಷ್ಟು ವರ್ಷ ನೋಡುತ್ತಿದ್ದದ್ದಾದರೂ ಏನನ್ನು?